ಹರಿಯದ ಹುಲಿಯಂಗಿ

ನಾನು ಚಿಕ್ಕವನಿದ್ದಾಗ... ನಗಬೇಡಿ ಮಕ್ಕಳೇ, ನಾನೂ ಒಂದು ಕಾಲದಲ್ಲಿ ಚಿಕ್ಕವನಿದ್ದೆ. ನಿಮ್ಮ ಗೆಳೆಯರ ಅಜ್ಜಂದಿರಿಗೆ ಬಿಳಿ ಮೀಸೆ, ಕೋಲು, ಮಂಡಿನೋವು ಎಲ್ಲ ಉಂಟು. ನಿಮ್ಮ ಈ ಅಜ್ಜನಿಗೆ ಮಾತ್ರ ಮೂವತ್ತೊಂದೇ ವರ್ಷ. ನಿಮ್ಮ ಅಜ್ಜಿ ನನ್ನ ಅಕ್ಕ. ನಾನು ತೊಟ್ಟಿಲಿಗೆ ಬರುವ ಹೊತ್ತಿಗೆ ಅವಳ ಮದುವೆ ಊಟವೇ ಮುಗಿದಿತ್ತು. ಹಾಗಾಗಿ ಸಂಬಂಧದಲ್ಲಿ ನಾನು ಅಜ್ಜ. ಮೊನ್ನೆ ಸಿಟಿ ಬಸ್ಸಿನಲ್ಲಿ ನೀವು 'ಅಜ್ಜಾ, ಸೀಟು ಉಂಟು' ಎಂದು ಕೂಗಿದಾಗ ಕಂಡಕ್ಟರು ಇಡೀ ಬಸ್ಸಿನಲ್ಲಿ ಮುದುಕನನ್ನು ಹುಡುಕಿದ್ದು ನೆನಪಿದೆಯಲ್ಲ? ಆ ಮುದುಕನ ಬಾಲ್ಯದ ಒಂದು ಆದಿತ್ಯವಾರದ ಕಥೆ ಇದು.

ಅತ್ತಾವರದಲ್ಲಿ ನಮ್ಮದು ಹಂಚಿನ ಮಾಡಿನ ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನು. ಸುತ್ತ ಆಸ್ಪತ್ರೆಗಳಿದ್ದುದರಿಂದ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು ಬಿಳಿ ಕೋಟು ಹೊಲಿಸಲು ಅವಳ ಬಳಿಯೇ ಬರುತ್ತಿದ್ದರು. ಮನೆಯಲ್ಲಿ ಯಾವಾಗಲೂ ಹೊಸ ಬಟ್ಟೆಯ ಗಂಜಿ ವಾಸನೆ, ಮಿಷನ್ ಎಣ್ಣೆಯ ವಾಸನೆ, ಇಸ್ತ್ರಿಪೆಟ್ಟಿಗೆಯ ಬಿಸಿ. ಅಮ್ಮನಿಲ್ಲದ ನನ್ನನ್ನು ಬೆಳೆಸಿದವಳು, ಅದಕ್ಕಾಗಿ ಮದುವೆಯ ನಂತರವೂ ತವರಿನಲ್ಲೇ ಉಳಿದವಳು ಅಕ್ಕ. ಅವಳ ಕಾಲ ಬುಡದಲ್ಲಿ ಚಿಂದಿ ಬಟ್ಟೆಗಳ ಮೇಲೆ ಮಲಗಿ ಮಿಷನ್ನಿನ 'ಕಟಕಟಕಟ' ಕೇಳುತ್ತಲೇ ನಾನು ದೊಡ್ಡವನಾದೆ. ಆ ಸದ್ದನ್ನು ಬಾಯಲ್ಲಿ ಎಷ್ಟು ಚೆನ್ನಾಗಿ ಹೊರಡಿಸುತ್ತಿದ್ದೆನೆಂದರೆ, ಅಡುಗೆಮನೆಯಲ್ಲಿದ್ದ ಅಕ್ಕ 'ಯಾರದು ಮಿಷನ್ ಮುಟ್ಟಿದ್ದು?' ಎಂದು ಓಡಿ ಬರುತ್ತಿದ್ದಳು.

ಮಿಮಿಕ್ರಿ ಆಗ ನನ್ನ ಕಾಯಿಲೆ. ಮೀನಿನವಳ ಕೂಗು, ಮೇಷ್ಟರ ಕೆಮ್ಮು, ಅಪ್ಪನ ಗೊರಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ಆದರೆ ಆ ವರ್ಷ ನಾನು ಹೆಚ್ಚು ಅನುಕರಿಸಿದ್ದು ಹುಲಿಯ ನಡಿಗೆಯನ್ನು. ಹುಲಿ ಎಂದರೆ ಕಾಡಿನದ್ದಲ್ಲ. ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ದಾಟಿ ಬರುತ್ತಿದ್ದ ಒಬ್ಬ ಕುಸ್ತಿಪಟು. ಅಗಲ ಎದೆ, ಹಳದಿ ಅಂಗಿ, ಹೆಜ್ಜೆಗೊಮ್ಮೆ ಹುಲಿವೇಷದವರ ಹಾಗೆ ಸೊಂಟ ತಿರುಗಿಸುವ ನಡಿಗೆ. ನನ್ನ ಎದೆ ಆಗ ಒಂದು ಹಪ್ಪಳದಷ್ಟು ಅಗಲವಿತ್ತು. ಆದರೂ ಶಾಲೆಗೆ ಹೋಗುವಾಗ ಹಾಗೆಯೇ ನಡೆಯುತ್ತಿದ್ದೆ. ಹಿಂದಿನಿಂದ ನೋಡಿದವರು 'ಪಾಪ, ಹುಡುಗನಿಗೆ ಸೊಂಟ ಉಳುಕಿದೆ' ಎನ್ನುತ್ತಿದ್ದರು.

ಟಿವಿಯಲ್ಲಿ ಬರುವ ಕುಸ್ತಿಯನ್ನು ನೋಡಿ ನಮ್ಮೂರಿನ ಕೆಲವರು ಮೈದಾನದಲ್ಲಿ ಅಂಥದೇ ಒಂದು ಆಟ ಇಟ್ಟಿದ್ದರು. ಹುಲಿಗೆ ಒಬ್ಬ ಜೊತೆಗಾರನಿದ್ದ, ಉಳ್ಳಾಲದವನು. ಅವನ ಹೆಸರು ಕಂಬಳದ ಕೋಣ. ಹುಲಿಯೂ ಕೋಣವೂ ಜೋಡಿ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಇವರಿಬ್ಬರ ವೈರಿ ಕರಿಮೋಡ. ಅವನ ಕಪ್ಪು ಅಂಗಿಯ ಎದೆಯ ಮೇಲೆ ಬಿಳಿ ಮಿಂಚಿನ ಗುರುತು. ಅವನ ಕಡೆ ಸೇರಿದವರೆಲ್ಲ ಅದನ್ನೇ ಹಾಕಬೇಕು.

ಅಪ್ಪ ರಿಕ್ಷಾಕ್ಕೆ ಮೈಕು ಕಟ್ಟಿ ಊರೆಲ್ಲ ಪ್ರಚಾರ ಮಾಡುವವರು. ಆ ಕುಸ್ತಿಯ ಪ್ರಚಾರವೂ ಅವರದ್ದೇ. 'ಇದೇ ಬರುವ ಆದಿತ್ಯವಾರ ಸಂಜೆ! ಎಂದೂ ಬೇರೆಯಾಗದ ಜೋಡಿ, ಹುಲಿ ಮತ್ತು ಕೋಣ!' ಎಂದು ಅಪ್ಪ ಮೂಗಿನಿಂದ ಕೂಗುತ್ತಿದ್ದರು. ಅವರ ಗಂಟಲು ಕೆಟ್ಟ ದಿನ ಮೈಕು ನನ್ನ ಕೈಗೆ ಬಂತು. ನಾನು ಅಪ್ಪನ ಮೂಗನ್ನೇ ಸಾಲ ಪಡೆದು ಕೂಗಿದೆ. ಕೊನೆಗೆ ಸ್ವಂತದ್ದೊಂದು ಮಾತು ಸೇರಿಸಿದೆ: 'ಹುಲಿ ಯಾವತ್ತೂ ಕೈಕೊಡುವುದಿಲ್ಲ, ಇದಕ್ಕೆ ನಾನು ಗ್ಯಾರಂಟಿ!' ಪೇಟೆಯಲ್ಲಿ ಒಂದು ಸುದ್ದಿ ಹಬ್ಬಿತ್ತು, ಹುಲಿ ಗುಟ್ಟಾಗಿ ಕರಿಮೋಡನ ಕಡೆ ಸೇರಿದ್ದಾನೆ ಎಂದು. ಅದಕ್ಕೆ ನನ್ನ ಉತ್ತರ ಇದು. ಬಂದರಿನಿಂದ ಅತ್ತಾವರದವರೆಗೆ ನನ್ನ ಗ್ಯಾರಂಟಿ ಕೇಳದ ಮನೆ ಇರಲಿಲ್ಲ.

ಆದರೂ ಒಳಗೊಳಗೆ ಪುಕಪುಕ. ಹುಲಿಯ ಅಂಗಿ ಹೊಲಿಯುತ್ತಿದ್ದುದು ಅಕ್ಕನೇ. ಆದಿತ್ಯವಾರ ಬೆಳಿಗ್ಗೆ ಅವಳನ್ನೇ ಕೇಳಿದೆ.

"ಅಕ್ಕಾ, ಹುಲಿ ಕೋಣನಿಗೆ ಕೈಕೊಡ್ತಾನಾ?"

ಅಕ್ಕನ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ ನನ್ನ ಕೆನ್ನೆ ಹಿಂಡಿದಳು.

"ಎಂತ ಮಾರಾಯ ನೀನು! ಮೋಸ ಮಾಡುವ ಮುಖವಾ ಅವನದ್ದು? ಹೋಗು, ತಿಂಡಿ ತಿನ್ನು."

ಅಷ್ಟು ಸಾಕಿತ್ತು ನನಗೆ. ಮೂರು ನೀರುದೋಸೆ ಹೆಚ್ಚು ತಿಂದೆ.

ಅಕ್ಕ ಚೀಲ ಹಿಡಿದು ಮೀನು ತರಲು ಹೋದಳು. ಮಿಷನ್ನಿನ ಮೇಲೆ ಹುಲಿಯ ಅಂಗಿ ಮಡಚಿ ಇಟ್ಟಿತ್ತು. ಹಳದಿ ಬಟ್ಟೆ, ಕಪ್ಪು ಪಟ್ಟೆ, ತೋಳಿಲ್ಲ. ಮುಟ್ಟಿದರೆ ನುಣ್ಣಗೆ ಬೆಕ್ಕಿನ ಹೊಟ್ಟೆಯ ಹಾಗಿತ್ತು. ಬಿಡಿಸಿ ನೋಡಿದೆ. ಕುತ್ತಿಗೆಯಿಂದ ಸೊಂಟದವರೆಗೆ ಎದೆಯ ನಡುವೆ ಬರೀ ಕಚ್ಚಾ ಹೊಲಿಗೆ! ಅಳತೆ ನೋಡಲು ಮೊದಲು ಹಾಕುವ ಉದ್ದುದ್ದ ಸಡಿಲ ಹೊಲಿಗೆ ಅದು. ಆಮೇಲೆ ಮಿಷನ್ನಿನಲ್ಲಿ ಗಟ್ಟಿ ಹೊಲಿಯಬೇಕು. ಅಕ್ಕ ಕೋಟುಗಳ ಗಡಿಬಿಡಿಯಲ್ಲಿ ಮರೆತಿದ್ದಾಳೆ ಎಂದುಕೊಂಡೆ. ಇದನ್ನು ಹಾಕಿಕೊಂಡು ಹುಲಿ ಒಂದು ಸಲ ಉಸಿರು ಎಳೆದರೂ ಅಂಗಿ ಎರಡು ಹೋಳು. ಇಡೀ ಮಂಗಳೂರಿನ ಮುಂದೆ ಮರ್ಯಾದೆ ಹೋಗುವುದು ಹುಲಿಯದ್ದು ಮಾತ್ರವಾ? ಅಕ್ಕನದ್ದೂ ಅಲ್ವಾ?

ಶಾಲೆಚೀಲ ಹೊಲಿಯುವ ದಪ್ಪ ನೂಲನ್ನು ಮಿಷನ್ನಿನ ಸೂಜಿಗೆ ಪೋಣಿಸಿದೆ. ಬಾಯಲ್ಲಿ ಮಾತ್ರವಲ್ಲ, ಪೆಡಲು ತುಳಿಯುವ ಕಾಲಲ್ಲೂ ಅಕ್ಕನನ್ನು ಅನುಕರಿಸಲು ನನಗೆ ಬರುತ್ತಿತ್ತು. ಅವಳ ಹಾಗೆಯೇ ನಾಲಿಗೆ ತುದಿ ಹೊರಗಿಟ್ಟು, ಅವಳ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿ, ಕಟಕಟಕಟ ಮೇಲಿನಿಂದ ಕೆಳಗೆ ಹೊಲಿದೆ. ಸಮಾಧಾನವಾಗಲಿಲ್ಲ. ಮತ್ತೊಂದು ಸಾಲು, ಮೇಲೆ ಇನ್ನೊಂದು. ಈಗ ಎರಡು ಆನೆ ಎಳೆದರೂ ಅದು ಬಿಚ್ಚುವ ಹಾಗಿರಲಿಲ್ಲ.

ಅಷ್ಟರಲ್ಲಿ ಹೊರಗೆ ಬೈಕಿನ ಸದ್ದು. ಸಾಕ್ಷಾತ್ ಹುಲಿ! ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕೇ ಬರಲಿಲ್ಲ. ಅಂಗಿಯನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಎತ್ತಿ ಕೊಟ್ಟೆ. ಅವನ ಮೈಯಿಂದ ತೆಂಗಿನೆಣ್ಣೆ ಮತ್ತು ಒಣಮೀನಿನ ವಾಸನೆ ಬರುತ್ತಿತ್ತು.

"ಮೈಕಿನಲ್ಲಿ ಗ್ಯಾರಂಟಿ ಕೊಟ್ಟದ್ದು ನೀನಾ?" ಎಂದು ನನ್ನ ತಲೆ ಸವರಿದ. "ಹಾಗಾದ್ರೆ ನೀನು ನಮ್ಮ ಪಾರ್ಟಿ."

"ಜೀವ ಇರುವವರೆಗೆ," ಎಂದೆ.

"ನಾನೂ ಹಾಗೆಯೇ ಮಾರಾಯ," ಎಂದು ನಕ್ಕು ಹೊರಟುಹೋದ. ಆ ತಲೆಗೆ ಎರಡು ದಿನ ಎಣ್ಣೆ ಹಚ್ಚಬಾರದು ಎಂದು ನಾನು ತೀರ್ಮಾನಿಸಿದೆ.

ಸಂಜೆ ಮೈದಾನ ತುಂಬಿತ್ತು. ಗೋಳಿಬಜೆ ಕರಿಯುವ ಎಣ್ಣೆಯ ಘಮ, ಚುರುಮುರಿಯವನ ಡಬ್ಬಿಯ ಟಣಟಣ, ಹುಲಿವೇಷದ ತಾಸೆಯ ಬಡಿತ. ಮುಂದಿನ ಸಾಲಿನಲ್ಲಿ ಅಪ್ಪ, ಅಕ್ಕ, ನಾನು, ಅಕ್ಕನ ಮಗಳಾದ ನಿಮ್ಮ ಅಮ್ಮ. ನಿಮ್ಮ ಅಮ್ಮ ನನ್ನದೇ ಓರಗೆಯವಳು, ಆದರೆ ಕುಸ್ತಿ ಶುರುವಾಗುವ ಮೊದಲೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ನಾನು ಮಾತ್ರ ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ.

ಆಟ ಚೆನ್ನಾಗಿಯೇ ನಡೆಯಿತು. ಕೋಣ ತಲೆ ತಗ್ಗಿಸಿ ಓಡಿ ಬಂದು ಗುದ್ದಿದ. ಹುಲಿ ಹಗ್ಗದ ಮೇಲಿನಿಂದ ಹಾರಿದ. ಕರಿಮೋಡ ಅಂಗಾತ ಬಿದ್ದ. ಕೋಣ ಗೆದ್ದೇಬಿಟ್ಟೆವೆಂಬ ಖುಷಿಯಲ್ಲಿ ಹುಲಿಯ ಕಡೆ ಕೈ ಚಾಚಿದ. ಹುಲಿ ಆ ಕೈಯನ್ನು ನೋಡಿದ. ಆಮೇಲೆ ಪಕ್ಕದಲ್ಲಿದ್ದ ಕಬ್ಬಿಣದ ಕುರ್ಚಿಯನ್ನು ಎತ್ತಿ ಕೋಣನ ಬೆನ್ನಿಗೆ ಬಾರಿಸಿದ.

ಚುರುಮುರಿಯವನ ಡಬ್ಬಿಯ ಟಣಟಣವೂ ನಿಂತಿತು. ನನ್ನ ಕಿವಿಯಲ್ಲಿ ನನ್ನದೇ ದನಿ ಕೇಳಿಸಿತು: ಇದಕ್ಕೆ ನಾನು ಗ್ಯಾರಂಟಿ.

"ನೋಡಿ! ಹುಲಿಯ ನಿಜ ಬಣ್ಣ ನೋಡಿ!" ಎಂದು ಅಖಾಡದ ಮೈಕಿನವನು ಕಿರುಚಿದ. ಹುಲಿ ನಡುವೆ ನಿಂತು ಎದೆಯ ಮೇಲೆ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಎಳೆದ. ಅಂಗಿ ಹರಿಯಲಿಲ್ಲ. ಮತ್ತೆ ಎಳೆದ. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ ಎಳೆದ. "ನಿಜ ಬಣ್ಣ ಈಗ ಬರ್ತದೆ," ಎಂದ ಮೈಕಿನವನು. ಬರಲಿಲ್ಲ. ಸತ್ತ ಹಾಗೆ ಬಿದ್ದಿದ್ದ ಕರಿಮೋಡ ಎದ್ದು ಬಂದು ತಾನೂ ಒಂದು ಕಡೆ ಹಿಡಿದು ಎಳೆದ. ಹಿಂದಿನಿಂದ ಯಾರೋ "ಕತ್ತರಿ ಬೇಕಾ ಅಣ್ಣಾ?" ಎಂದು ಕೂಗಿದರು. ಮೈದಾನಕ್ಕೆ ಮೈದಾನವೇ ನಗುವಿನಲ್ಲಿ ಬಿದ್ದು ಹೊರಳಿತು.

ನಾನು ಅಕ್ಕನ ಮುಖ ನೋಡಿದೆ. ಎಲ್ಲರೂ ಹುಲಿಯನ್ನು ನೋಡುತ್ತಿದ್ದರು. ಅಕ್ಕ ಮಾತ್ರ ಹೊಲಿಗೆಯನ್ನು ನೋಡುತ್ತಿದ್ದಳು.

ಕೊನೆಗೆ ಹುಲಿ ಅಂಗಿಯನ್ನು ತಲೆಯ ಮೇಲಿನಿಂದ ತೆಗೆಯಲು ಹೋದ. ಬೆವರಿಗೆ ಅಂಟಿಕೊಂಡ ಅಂಗಿ ಅರ್ಧದಲ್ಲಿ ಸಿಕ್ಕಿಬಿತ್ತು. ಕೈ ಮೇಲೆ, ತಲೆ ಒಳಗೆ. ಕೆಳಗೆ ಕಪ್ಪು ಅಂಗಿ ಕಾಣಿಸಿತು. ಎದೆಯ ಮೇಲೆ ಬಿಳಿ ಮಿಂಚು. ಆ ಬಿಳಿ ಬಟ್ಟೆಯ ಗುರುತು ನನಗೆ ಸಿಗದೆ ಇರುತ್ತದೆಯೇ? ನಾನು ದಿನಾ ಮಲಗುತ್ತಿದ್ದ ಚಿಂದಿಯದ್ದೇ ಅದು, ಡಾಕ್ಟರ್ ಕೋಟಿನ ಬಟ್ಟೆ. ಅಕ್ಕನೇ ಕತ್ತರಿಸಿ, ಅಕ್ಕನೇ ಹೊಲಿದದ್ದು.

ಮೂರ್ಛೆ ಹೋಗಿದ್ದ ಕೋಣ ಒಂದು ಕಣ್ಣು ತೆರೆದ. ಕಣ್ಣು ಕಾಣದೆ ತಿರುಗುತ್ತಿದ್ದ ಹುಲಿಯನ್ನು ತಳ್ಳಿ ಬೀಳಿಸಿ ಮೇಲೆ ಕುಳಿತ. ಗೊಂದಲದಲ್ಲಿ ರೆಫರಿ ಮೂರು ಎಣಿಸಿಯೇ ಬಿಟ್ಟ. ಸೋಲಬೇಕಿದ್ದ ಕೋಣ ಗೆದ್ದ! ಉಳ್ಳಾಲದವರು ಟೋಪಿ, ಟವೆಲು, ಮಕ್ಕಳನ್ನೆಲ್ಲ ಮೇಲಕ್ಕೆ ಎಸೆದರು. ನಾನು ಕುರ್ಚಿಯಿಂದ ಇಳಿದು ಅಳುತ್ತಾ ಕುಳಿತೆ.

ಮನೆಗೆ ಬಂದು ಊಟಕ್ಕೆ ಕುಳಿತಾಗ ಅಕ್ಕ ಕೇಳಿದಳು, "ಅದಕ್ಕೆ ಮೂರು ಸಾಲು ಹೊಲಿದದ್ದು ನೀನಾ?"

"ನಾನೇ. ನಿನ್ನ ಮರ್ಯಾದೆ ಹೋಗ್ತದೆ ಅಂತ ಹೊಲಿದೆ. ನಿನಗೆ ಎಲ್ಲ ಗೊತ್ತಿತ್ತು!"

"ಎಳೆದ ಕೂಡಲೇ ಹರಿಯಲಿ ಅಂತಲೇ ಕಚ್ಚಾ ಹೊಲಿಗೆ ಹಾಕಿದ್ದು. ಹೊಲಿಸಲಿಕ್ಕೆ ಕೊಟ್ಟವರು ಗುಟ್ಟು ಅಂದಿದ್ದರು ಮಗಾ. ಅದನ್ನು ನಾನು ಊರಿಗೆ ಹೇಳ್ಲಿಕ್ಕೆ ಆಗ್ತದಾ?"

"ನಾನು ಊರಾ?" ಎಂದೆ. "ಸುಮ್ಮನೆ ಇರಬಹುದಿತ್ತಲ್ಲ. ಬಾಯಲ್ಲಿ ಪಿನ್ನು ಇತ್ತಲ್ಲ. ಅದನ್ನು ತೆಗೆದು ಯಾಕೆ ಸುಳ್ಳು ಹೇಳಿದ್ದು?"

ಅಕ್ಕ ಬಂಗುಡೆ ಮೀನಿನ ಪುಳಿಮುಂಚಿಯಿಂದ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ಅಪ್ಪನ ತಟ್ಟೆಗೆ ದಾಟಿಸಿದೆ.

ಅಪ್ಪ ಅದನ್ನು ನಿಧಾನವಾಗಿ ತಿನ್ನುತ್ತಾ, "ನಾನು ನೋಡಿದ್ರೆ ಗಂಟಲು ಹರಿದುಕೊಂಡು ಎಂದೂ ಬೇರೆಯಾಗದ ಜೋಡಿ ಅಂತ ಕೂಗಿದ್ದೇನೆ," ಎಂದರು. "ಮನೆಯೊಳಗೇ ವೈರಿ ಪಾರ್ಟಿಯ ಟೈಲರ್ ಉಂಟು ಅಂತ ನನಗೂ ಯಾರೂ ಹೇಳ್ಲಿಲ್ಲ ಮಾರಾಯ." ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹುಲಿಯ ಮೋಸ ಎರಡು ದಿನದಲ್ಲಿ ಮರೆತುಹೋಯಿತು. ಅವನು ಬೇರೆಯವನು. ಕೆನ್ನೆ ಹಿಂಡಿ ಹೇಳಿದ ಆ ಮಾತು ಮಾತ್ರ ಕೆನ್ನೆಯಲ್ಲೇ ಉಳಿಯಿತು.

ಈಗ ನಿಮ್ಮ ಕಾಲ. ಬರುವ ಆದಿತ್ಯವಾರ ನಿಮ್ಮ ದೊಡ್ಡ ಕುಸ್ತಿ ಫೋನಿನಲ್ಲೇ ಬರುತ್ತದೆ. ಯಾರು ಯಾರ ವೈರಿ, ಯಾರು ಯಾವಾಗ ಪಕ್ಷ ಬದಲಿಸುತ್ತಾರೆ ಎಂಬುದೆಲ್ಲ ನಿಮಗೆ ಮೊದಲೇ ಗೊತ್ತು. 'ಅಜ್ಜಾ, ಅದೆಲ್ಲ ಸ್ಕ್ರಿಪ್ಟು' ಎಂದು ನನಗೇ ಪಾಠ ಮಾಡುತ್ತೀರಿ. ನಿಮಗೆ ಟೋಪಿ ಹಾಕುವ ಹುಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ನಿಮ್ಮಲ್ಲೇ ಚಿಕ್ಕವಳಾದ ಪುಟ್ಟಿ ಮಿಷನ್ನಿನ ಬುಡದಲ್ಲಿ ಕುಳಿತು ಅಳುತ್ತಿದ್ದಾಳೆ. ಅವಳ ಹೀರೋ ಸೋಲುತ್ತಾನೆಂದು ಅಣ್ಣ ಫೋನಿನಲ್ಲಿ ನೋಡಿ ಮೊದಲೇ ಹೇಳಿಬಿಟ್ಟನಂತೆ. ನನ್ನ ಅಕ್ಕ ಹೇಳದೆ ಮೋಸ ಮಾಡಿದಳು. ಇವನು ಹೇಳಿ ಮೋಸ ಮಾಡಿದ. ಅಳುವ ಜಾಗ ಮಾತ್ರ ಅದೇ, ಅದೇ ಚಿಂದಿ ಬಟ್ಟೆಗಳ ಮೇಲೆ.

ನಿಮ್ಮ ಅಜ್ಜಿ, ಅಂದರೆ ನನ್ನ ಅಕ್ಕ, ಪುಟ್ಟಿಗೆ ಆದಿತ್ಯವಾರ ಹಾಕಲು ಒಂದು ಹಳದಿ ಅಂಗಿ ಹೊಲಿಯುತ್ತಿದ್ದಾಳೆ. ನಾನು ಸುಮ್ಮನೆ ಎತ್ತಿ ಹೊಲಿಗೆ ಎಳೆದು ನೋಡಿದೆ. ಗಟ್ಟಿಯಾಗಿತ್ತು. ಮೂರು ಸಾಲು. ಅಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನಿನಗೂ ಒಂದು ಶರ್ಟು ಹೊಲಿಯಲಾ?" ಎಂದಳು. ಪ್ರತಿ ವರ್ಷ ಕೇಳುತ್ತಾಳೆ.

"ಬೇಡ ಅಕ್ಕಾ," ಎಂದೆ. "ನನಗೆ ರೆಡಿಮೇಡೇ ಸಾಕು."