ಜಯಮ್ಮ ಎತ್ತಿದ ಕೈ

ಬೆಳಿಗ್ಗೆ ಕೆಂಪಾಪುರದಲ್ಲಿ ಕಬ್ಬಿನ ಹಾಲಿನ ಗಾಡಿ ಮುಂದೆ ನಿಂತಿದ್ದೆ. ಹಸಿ ಕಬ್ಬಿನ ವಾಸನೆಗೆ ಜಾಲಹಳ್ಳಿ ಕಡೆಯ ನಮ್ಮ ಹಳೆಯ ಶಾಲೆಯ ಅಂಗಳ ಕಣ್ಣಮುಂದೆ ಬಂತು.

ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮೇಷ್ಟ್ರು ಪೇಪರಿನ ಸುದ್ದಿ ಓದುತ್ತಿದ್ದರು. ಆಮೇಲೆ ಊರಿನ ಸುದ್ದಿ. ಕೊನೆಗೆ ಎಚ್ಚರಿಕೆ: ಕೆರೆಗೆ ಇಳಿಯಬೇಡಿ, ರೈಲು ಹಳಿ ಮೇಲೆ ಆಡಬೇಡಿ. ಅಷ್ಟು ಹೇಳಿ, ಸಾಲಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಜಯಮ್ಮನನ್ನು ಮುಂದಕ್ಕೆ ಕರೆಯುತ್ತಿದ್ದರು. ಅವಳ ಬಲಗೈಯ ನಾಲ್ಕು ಬೆರಳನ್ನು ಆಲೆಮನೆಯ ಗಾಣ ನುಂಗಿತ್ತು.

"ಕೈ ಎತ್ತಮ್ಮ. ಹಿಂದಿನವರಿಗೂ ಕಾಣ್ಲಿ."

ಉಳಿದಿದ್ದ ಹೆಬ್ಬೆರಳು ಮೇಲಕ್ಕೆ ಏಳುತ್ತಿತ್ತು.

"ಗಾಣದ ಹತ್ರ ಹೋಗ್ತೀರೇನ್ರೋ?"

"ಇಲ್ಲಾ ಸಾ!" ನಮ್ಮೆಲ್ಲರ ಕೂಗು ಒಂದೇ. ಅವಳು ಕೈಗೆ ಲಂಗ ಸುತ್ತಿಕೊಂಡು ಸಾಲಿಗೆ ಮರಳುತ್ತಿದ್ದಳು.

ಒಂದು ದಿನ ಅವಳವ್ವ ಬಂದು ಕೈಮುಗಿದಳು. "ಸಾಮಿ, ದಿನಾ ಇಂಗೆ ನಿಲ್ಲಿಸ್ಬ್ಯಾಡಿ. ಮಗು ಊಟಾನೇ ಬಿಟ್ಟೈತೆ."

ಮೇಷ್ಟ್ರು ನಕ್ಕರು. "ಇಷ್ಟು ಮಕ್ಕಳ ಕೈ ಉಳಿಯುತ್ತಲ್ಲಮ್ಮ, ಪುಣ್ಯ ಕಣಮ್ಮ ನಿಂಗೆ."

ಮಾರನೆಯ ದಿನದಿಂದ ಜಯಮ್ಮ ಶಾಲೆಗೆ ಬರಲಿಲ್ಲ. ಅದೇ ಆಲೆಮನೆಗೆ ಕಬ್ಬಿನ ಸಿಪ್ಪೆ ಹೊರಲು ಹೋದಳು. ಮೇಷ್ಟ್ರು ಬಹಳ ಒಳ್ಳೆಯವರು ಎಂದು ಊರಿನವರು ಈಗಲೂ ಹೇಳುತ್ತಾರೆ.

ಗಾಡಿಯವನು ಲೋಟ ಕೊಡುವಷ್ಟರಲ್ಲಿ ಮೊಮ್ಮಗಳ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡ ಹುಡುಗಿ, ಅಳುತ್ತಿರುವ ಮುಖ, ಜೊತೆಗೆ ಹೆಸರು, ಕ್ಲಾಸು. "ನಿಮ್ಮ ಮಕ್ಕಳಿಗೂ ತೋರಿಸಿ, ಎಚ್ಚರವಾಗಿರಲಿ."

ಕೆಳಗೆ ಅಪ್ಪ ಅಮ್ಮಂದಿರೆಲ್ಲ ಸಾಲಾಗಿ ಹೆಬ್ಬೆರಳು ಎತ್ತಿದ್ದರು.