ಹೊಸ ಲ್ಯಾಪ್‌ಟಾಪಿನೊಳಗೆ ಕಸಿಮಾಲಿಯ ದನಿ

ನನ್ನ ಮೈದುನನ ಹೆಸರು ಕಸಿಮಾಲಿ. ಬರೆಯುವಾಗ ಹೆಸರು ಹಿಡಿಯುತ್ತಿದ್ದೇನೆ, ಬಾಯಲ್ಲಿ ಒಂದು ದಿನವೂ ಹಿಡಿದವಳಲ್ಲ. ನಮ್ಮಲ್ಲಿ ಸೊಸೆಯಾಗಿ ಬಂದವಳು ಗಂಡನ ಕಡೆಯವರ ಹೆಸರು ಹೇಳುವಂತಿಲ್ಲ. ಮೈದುನನಾದರೆ ಅವನಿಗೊಂದು ಅಡ್ಡಹೆಸರಿಟ್ಟು ಕರೆಯಬೇಕು. ನಾನು ಮದುವೆಯಾಗಿ ಕಿರ್ಗಿಜ್ ಬೆಟ್ಟಗಳ ನಡುವಿನ ಈ ನರೀನ್ ಊರಿಗೆ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ, ಆದರೆ ಬಾಯಿ ಬಿಟ್ಟರೆ ಬೀದಿಯ ಆ ತುದಿಯ ನಾಯಿ ಎದ್ದು ನಿಲ್ಲುತ್ತಿತ್ತು. ‘ಗಂಟೆ’ ಅಂತ ಕರೆದೆ, ಅದೇ ನಿಂತಿತು. ಅವನು ತೀರಿಕೊಂಡು ಈಗ ಒಂದು ಚಳಿಗಾಲ ಕಳೆದಿದೆ. ಇನ್ನು ಹೇಳಿದರೆ ಯಾರಿಗೂ ನೋವಿಲ್ಲ.

ಅವನು ಬಸ್ ನಿಲ್ದಾಣದಲ್ಲಿ ಕೂಗುವ ಕೆಲಸದಲ್ಲಿದ್ದ. ಬಿಷ್ಕೆಕ್ ಬಸ್ಸು ಎಲ್ಲಿ ನಿಂತಿದೆ, ಅತ್‌ಬಾಶಿಗೆ ಹೋಗುವವರು ಯಾಕೆ ಇನ್ನೂ ಚಹಾ ಕುಡಿಯುತ್ತ ಕೂತಿದ್ದಾರೆ, ಯಾವ ಮುದುಕಿ ಬೆಣ್ಣೆಯ ಡಬ್ಬಿ ಮರೆತು ಹತ್ತಿದ್ದಾಳೆ, ಎಲ್ಲ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಒಂದು ವರ್ಷ ಹಿಮ ಬಿದ್ದು ಧ್ವನಿವರ್ಧಕ ಕೆಟ್ಟಿತು. ಅವನು ಮೆಟ್ಟಿಲ ಮೇಲೆ ನಿಂತು ಬರೀ ಗಂಟಲಿನಲ್ಲೇ ತಿಂಗಳುಗಟ್ಟಲೆ ಕೂಗಿದ, ಒಬ್ಬರಿಗೂ ಬಸ್ಸು ತಪ್ಪಲಿಲ್ಲ. ಮೇಲಿನವರು ಕೊಟ್ಟದ್ದು ಒಂದು ಹೊಗಳಿಕೆ ಪತ್ರ. ಅದನ್ನು ನಮ್ಮತ್ತೆ ಗೋಡೆಗೆ ಅಂಟಿಸಿದರು, ಬೇರೆ ಉಪಯೋಗ ಆಗಲಿಲ್ಲ.

ಊರಿನ ಎಲ್ಲರ ಹೆಸರನ್ನೂ ಮೈಕಿನಲ್ಲಿ ಕೂಗಿದ ಈ ಮಹಾರಾಯ ತನ್ನ ಹೆಂಡತಿಯ ಹೆಸರನ್ನು ಮಾತ್ರ ಒಮ್ಮೆಯೂ ಬಾಯಲ್ಲಿ ತಂದವನಲ್ಲ. ಅವಳ ಹೆಸರು ಊಲ್ಕಾನ್. ಅಮ್ಮನ ಎದುರಿಗೆ, ಅಣ್ಣನ ಎದುರಿಗೆ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ. ಒಂದೇ ಅಂಗಳದಲ್ಲಿ ಎರಡು ಮನೆ ನಮ್ಮದು, ಯಾವಾಗಲೂ ಯಾರಾದರೂ ಎದುರಿಗೆ ಇದ್ದೇ ಇರುತ್ತಿದ್ದರು. ಹಾಗಾಗಿ ‘ಏ ಇವಳೇ’, ‘ಕೇಳಿಸ್ತಾ’, ‘ಎಲ್ಲಿ ಸತ್ತೆ’, ಇಷ್ಟರಲ್ಲೇ ಸಂಸಾರ ನಡೆಯಿತು. ಅತ್ತೆ ಹೋದ ಮೇಲೂ ನಾಲಗೆ ಹೊರಳಲಿಲ್ಲ.

ಗಂಟಲಿನ ಕ್ಯಾನ್ಸರ್ ಹುಣ್ಣು ಗೊತ್ತಾಗುವ ಹೊತ್ತಿಗೆ ಅವನ ದನಿ ಕೆಟ್ಟುಹೋಗಿತ್ತು. ಕಂಬಳಿಯನ್ನು ನೆಲದ ಮೇಲೆ ಎಳೆದ ಹಾಗೆ ಬರಬರ ಅನ್ನುತ್ತಿತ್ತು. ಬಿಷ್ಕೆಕ್ಕಿನ ದೊಡ್ಡ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಅಂದರು. ನಮ್ಮೂರಿನ ಡಾಕ್ಟರು ಅಲ್ಲಿಯವರೆಗೆ ಮಾತು ಕಮ್ಮಿ ಮಾಡಿಸಿ ಅಂದರು.

ಒಂದು ಬೆಳಿಗ್ಗೆ ನಾನು ಹಸು ಕರೆಯುತ್ತಿದ್ದಾಗ ಊಲ್ಕಾನ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಅಕ್ಕಾ, ನಗಬಾರ್ದು ಮತ್ತೆ.”

“ನಗೋ ಅಂಥದ್ದೇನಿದೆ ಈ ಮನೇಲಿ. ಹೇಳು.”

“ಅವರ ದನಿ ಹೋಗೋಕ್ ಮುಂಚೆ ಒಂದ್ಸಲ ನನ್ನ ಹೆಸರು ಹಿಡಿದು ಕರೀಲಿ ಅಂತ ಆಸೆ. ಒಂದೇ ಸಲ.”

“ಅದಕ್ಕೆ ನನ್ ಹತ್ರ ಯಾಕೆ ಬಂದೆ? ಗಂಡ ನಿನ್ನವನಲ್ವಾ?”

“ನಾಚಿಕೆ ಆಗತ್ತೆ.”

ಮೊಮ್ಮಗಳನ್ನು ಎತ್ತಿ ಆಡಿಸಿದ ಹೆಂಗಸಿಗೆ ನಾಚಿಕೆ! ನಾನು ನಗಲಿಲ್ಲ. ನಗು ಬಂದಿತ್ತು, ಅದರ ಹಿಂದೆಯೇ ಅಳುವೂ ಬಂದಿತ್ತು.

ಇಂಥ ಕೆಲಸಕ್ಕೆ ಅತ್ತಿಗೆಯೇ ಬೇಕು. ಹೋಗಿ ಅವನೆದುರು ಸೊಂಟಕ್ಕೆ ಕೈಕೊಟ್ಟು ನಿಂತೆ. “ಏನೋ ಗಂಟೆ, ಊರವರ ಕುರಿ ಕಳೆದುಹೋದ್ರೂ ಕೂಗ್ತಿದ್ದೆ. ಹೆಂಡ್ತಿ ಹೆಸರು ಹೇಳಿದ್ರೆ ನಿನ್ನ ಹಲ್ಲು ಉದುರ್ತಿತ್ತಾ?”

ಅವನು ಒಲೆಗೆ ಒಂದು ಕೊರಡು ತಳ್ಳಿದ. ಆಮೇಲೆ ಪಿಸುಗುಟ್ಟಿದ: “ಎದುರಿಗೆ ನಿಂತು ಹೇಳೋಕಾಗಲ್ಲ ಅತ್ತಿಗೆ. ಹೇಳೋದು ಬೇರೇನೂ ಇದೆ. ಯಾವುದಾದ್ರೂ ಪೆಟ್ಟಿಗೆಗೆ ಹೇಳ್ತೀನಿ, ಅವಳು ಆಮೇಲೆ ಕೇಳ್ಕೊಳ್ಳಲಿ.”

ಫೋನಿನ ಮೇಲೆ ಆ ಮನೆಯಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ. ಹಿಂದಿನ ಬೇಸಗೆಯಲ್ಲಿ ಊಲ್ಕಾನಳ ಫೋನು ಹಾಲಿನ ಬಕೆಟ್ಟಿಗೆ ಬಿದ್ದು, ಅತ್ತೆಯ ಕೊನೆಯ ಫೋಟೋಗಳೆಲ್ಲ ಹಾಲಿನ ಪಾಲಾಗಿದ್ದವು. ಹೇಗೂ ಆಪರೇಷನ್ ಆದಮೇಲೆ ಅವನು ಬರೆದೇ ಮಾತಾಡಬೇಕು, ಅಕ್ಷರ ಒತ್ತಲು ಒಂದು ಯಂತ್ರ ಬೇಕೇ ಬೇಕು. ನಮ್ಮವರು, ಅಂದರೆ ಅವನ ಅಣ್ಣ, ಬಿಷ್ಕೆಕ್ಕಿನ ಅಂಗಡಿಯೊಂದರಿಂದ ಹೊಸ ಲ್ಯಾಪ್‌ಟಾಪ್ ತರಿಸಿದರು. ಇಷ್ಟವಾಗದಿದ್ದರೆ, ಕೆಟ್ಟಿದ್ದರೆ, ಹದಿನಾಲ್ಕು ದಿನದೊಳಗೆ ವಾಪಸು ತರಬಹುದು ಅಂತ ರಸೀತಿಯ ಮೇಲೆ ಮುದ್ರೆ ಒತ್ತಿದ್ದರು.

ಹೊಸ ವಸ್ತು ಬಂದಮೇಲೆ ಜನ ನೋಡಲು ಬರದಿರುತ್ತಾರೆಯೇ? ಬಂದರು, ಹೊಸದನ್ನು ಬರಿಗೈಲಿ ನೋಡಬಾರದೆಂದು ಮುಚ್ಚಳದ ಮೇಲೆ ಒಬ್ಬರು ತಲೆವಸ್ತ್ರ ಇಟ್ಟರು, ಒಬ್ಬರು ಸಕ್ಕರೆ ಇಟ್ಟರು, ನಮ್ಮವರು ಅಂಗೈ ಬಿಚ್ಚಿ ಹರಸಿದರು, ಎಲ್ಲರೂ ಮುಖ ಸವರಿಕೊಂಡೆವು. ಅವರೆಲ್ಲ ಎದ್ದುಹೋದ ಮೇಲೆ ನಾವು ಪರೀಕ್ಷೆಗೆ ಕೂತೆವು. ಊಲ್ಕಾನ್ ತಾನು ಕೆಲಸ ಮಾಡುತ್ತಿದ್ದ ಶಿಶುವಿಹಾರದ ಕಂಪ್ಯೂಟರ್ ಮುಟ್ಟಿ ಗೊತ್ತಿದ್ದವಳು. ನಮ್ಮವರಿಗೆ ಗೊತ್ತಿದ್ದದ್ದು ಕುದುರೆ ಮಾತ್ರ, ಆದ್ದರಿಂದ ಅವರು ಹಲ್ಲು ನೋಡುವವರ ಹಾಗೆ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ, ಕೀಲು ಸಡಿಲವಿದೆಯಾ ನೋಡಿದರು.

“ಮುರಿದ್ರೆ ವಾಪಸ್ ತಗೊಳ್ಳಲ್ಲ, ಗೊತ್ತಾ? ಕೈ ತೆಗೀರಿ,” ಅಂದೆ.

“ಸವಾರಿ ಮಾಡ್ದೆ ಕುದುರೆ ಕೊಳ್ತಾರಾ ಯಾರಾದ್ರೂ?”

“ಇದರ ಮೇಲೆ ಕೂತ್ಕೊಂಡೂ ನೋಡಿಬಿಡಿ, ಸಮಾಧಾನ ಆಗತ್ತೆ.”

ಊಲ್ಕಾನ್ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ, ಕನ್ನಡಕ ಏರಿಸಿ, ಮೂಲೆಮೂಲೆ ಹುಡುಕಿದಳು. ಒಂದು ಕಡೆ ಕಪ್ಪು ಚುಕ್ಕೆ ಕಂಡು ಮೂವರೂ ಅದರ ಮೇಲೆ ಬಗ್ಗಿದೆವು. ಒರೆಸಿದರೆ ರೊಟ್ಟಿಯ ಚೂರು. ಆಮೇಲೆ ಒಂದೊಂದೇ ಅಕ್ಷರ ಒತ್ತಿದಳು. ನಮ್ಮ ಕಿರ್ಗಿಜ್ ಭಾಷೆಗೇ ಬೇಕಾದ ಮೂರು ಅಕ್ಷರ ಕೀಲಿಗಳ ಮೇಲೆ ಇರಲಿಲ್ಲ, ಬರೀ ರಷ್ಯನ್ನರ ಅಕ್ಷರ. ನಮ್ಮವರು ಆಗಲೇ ಪೆಟ್ಟಿಗೆ ಕಟ್ಟಲು ಎದ್ದರು, ಊಲ್ಕಾನ್ ಎರಡು ಕೀಲಿ ಒಟ್ಟಿಗೆ ಒತ್ತಿ ಆ ಮೂರನ್ನೂ ತೋರಿಸಿಕೊಟ್ಟಳು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಸುಮ್ಮನೆ ಉರಿಯಲು ಬಿಟ್ಟೆವು. ಬಿಸಿಯಾಗುತ್ತದಾ ಅಂತ ಮಗುವಿನ ಹಣೆ ಮುಟ್ಟುವ ಹಾಗೆ ಆಗಾಗ ಮುಟ್ಟಿದೆವು. ಕಸಿಮಾಲಿ ಒಲೆಯ ಪಕ್ಕ ದಿಂಬಿಗೊರಗಿ ನಮ್ಮನ್ನೇ ನೋಡುತ್ತ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.

ಕೊನೆಗೆ ದನಿ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ. ಅವನು ಎದ್ದು ಬರಲು ಹೊರಟ.

“ಕೂತ್ಕೋ ಗಂಟೆ, ಬಾಯ್ ಮುಚ್ಕೊಂಡು. ಉಳಿದಿರೋದೇ ನಾಲ್ಕು ಮಾತು, ಅದನ್ನ ಪರೀಕ್ಷೆಗೆ ಸುರೀಬೇಡ. ನನಗೆ ಬಾಯಿಲ್ವಾ?”

ಅವನು ಕೂತ. ನಾನು ಮಾತಾಡಿದೆ, ನಮ್ಮವರು ಮಾತಾಡಿದರು, ಊಲ್ಕಾನ್ ಮೆಲ್ಲಗೆ ಎರಡು ಮಾತು ಹೇಳಿದಳು. ತಿರುಗಿಸಿ ಕೇಳಿದರೆ ಎಂಥ ಸ್ಪಷ್ಟ! ಪಕ್ಕದಲ್ಲೇ ಚಹಾಕ್ಕೆ ನೀರು ಕುದಿಸುವ ಸಮೋವಾರ್ ಬುಸುಗುಟ್ಟುತ್ತಿತ್ತು, ಅದರ ಸದ್ದೇ ಇಲ್ಲ. ಎಲ್ಲ ಸೋಸಿ ಮಾತು ಮಾತ್ರ ಹಿಡಿದಿತ್ತು. “ಒಳ್ಳೇ ಜಾತಿದು,” ಅಂತ ನಮ್ಮವರು ಅದರ ಬೆನ್ನು ತಟ್ಟಿದರು. ವಾಪಸು ಕಳಿಸುವ ಮಾತು ಅಲ್ಲಿಗೆ ಮುಗಿಯಿತು.

ಬಿಷ್ಕೆಕ್ಕಿಗೆ ಹೊರಡುವ ಹಿಂದಿನ ಮಧ್ಯಾಹ್ನ ಅವನು ಗಡ್ಡ ಹೆರೆದುಕೊಂಡು, ನಿಲ್ದಾಣದ ಕೋಟು ತೊಟ್ಟು, ನಮ್ಮನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿಕೊಂಡ. ಊಲ್ಕಾನ್ ಎಲ್ಲಿ ಒತ್ತಬೇಕೆಂದು ತೋರಿಸಿ ಬಂದಿದ್ದಳು. ಬಂದವಳು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಳು, ಮದುವೆಯ ದಿನವೂ ಅವಳು ಅಷ್ಟು ಕೆಂಪಾಗಿರಲಿಲ್ಲ. ಅದೇ ಹೊತ್ತಿಗೆ ಟಗರೊಂದು ಹುಲ್ಲಿನ ಬಣವೆಗೆ ನುಗ್ಗಿತು, ನಾನು ಅದನ್ನು ಬೈದು ಅಟ್ಟಿದೆ. ಅವನು ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ಕಣ್ಣು ಊದಿತ್ತು, ಆದರೆ ಮುಖ ಹಗುರಾಗಿತ್ತು.

“ನಾನಿಲ್ದಾಗ ನೋಡು,” ಅಂದ ಹೆಂಡತಿಗೆ. “ನನ್ನೆದುರಿಗೆ ಮಾತ್ರ ಬೇಡ.”

ಅವಳು ಅದನ್ನು ಅಕ್ಷರಶಃ ಪಾಲಿಸಿದಳು. ಆ ರಾತ್ರಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಪರೀಕ್ಷೆ ನಡೆದ ದಿನಗಳಲ್ಲಿ, ಎಲ್ಲ ಕಡೆ ಅವನು ಪಕ್ಕದಲ್ಲೇ ಇದ್ದ. ಅವರಿಬ್ಬರೂ ಬೇರೆಯಾದದ್ದು ಅವನನ್ನು ಆಪರೇಷನ್ನಿಗೆ ತಳ್ಳಿಕೊಂಡು ಹೋದಾಗಲೇ.

ಬಾಗಿಲು ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಮೊಗಸಾಲೆಯ ಬೆಂಚಿನ ಮೇಲೆ ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ತಂತಿ ಸಿಕ್ಕಿಸಿದಳು. ಒಂದು ತುದಿ ತನ್ನ ಕಿವಿಗೆ, ಇನ್ನೊಂದು ಜೊತೆಗೆ ಹೋಗಿದ್ದ ನನಗೆ ಕೊಟ್ಟಳು. “ಒಬ್ಬಳೇ ಕೇಳೋಕೆ ಭಯ ಆಗತ್ತೆ ಅಕ್ಕಾ,” ಅಂದಳು.

ಪರದೆಯ ಮೇಲೆ ಕಸಿಮಾಲಿ ಬಂದ. ಕೋಟು ಸರಿಮಾಡಿಕೊಂಡ. ಬಾಯಿ ತೆರೆದ. ಏನೂ ಕೇಳಿಸಲಿಲ್ಲ. ತುಟಿ ಆಡುತ್ತಿದೆ, ಗಂಟಲು ಕುಣಿಯುತ್ತಿದೆ, ದನಿ ಇಲ್ಲ. ಊಲ್ಕಾನ್ ಸದ್ದು ಹೆಚ್ಚಿಸಿದಳು, ಇನ್ನೂ ಹೆಚ್ಚಿಸಿದಳು, ಇನ್ನು ಮೇಲೆ ಹೋಗುವುದಿಲ್ಲ ಅನ್ನುವವರೆಗೆ. ಅವನು ತುಟಿಗಳನ್ನು ಮುಂದೆ ಚಾಚಿ ದುಂಡಗೆ ಮಾಡಿದ. ‘ಊ’ ಅನ್ನುವವರ ತುಟಿ. ಆಮೇಲೆ ಬಹಳ ಮಾತಾಡಿದ, ತಲೆ ತಗ್ಗಿಸಿ ಮಾತಾಡಿದ, ತೋಳಿನಿಂದ ಕಣ್ಣೊರೆಸಿಕೊಂಡು ಮಾತಾಡಿದ. ನಡುವೆ ಒಂದು ದನಿ ಸ್ಪಷ್ಟವಾಗಿ ಬಂತು. “ಹಾಳಾದ್ದೇ, ಬಣವೆ ಬಿಟ್ಟು ಆಚೆ ಬರ್ತೀಯೋ ಇಲ್ವೋ.” ಅದು ಅಂಗಳದಿಂದ ಕೂಗಿದ ನನ್ನ ದನಿ. ಅಷ್ಟೆತ್ತರದ ಕಿಟಕಿ ದಾಟಿ ನನ್ನ ಬೈಗುಳ ಒಳಗೆ ಹೋಗಿ ಕೂತಿತ್ತು, ಎದುರಿಗೇ ಕೂತವನದು ಒಂದಕ್ಷರವೂ ಹೋಗಿರಲಿಲ್ಲ. ನನ್ನ ನಾಲಗೆ ಕಿತ್ತು ಬಿಸಾಡಬೇಕು ಅನ್ನಿಸಿತು.

ಊಲ್ಕಾನ್ ಎದ್ದು ಆಪರೇಷನ್ ಕೋಣೆಯ ಬಾಗಿಲಿನವರೆಗೆ ಹೋದಳು. ಅಂಗೈಯನ್ನು ಬಾಗಿಲಿಗೆ ಇಟ್ಟು ನಿಂತಳು. ನಾನು ಹೋಗಿ ತೋಳು ಹಿಡಿದು ಕರೆತಂದೆ. ಅಷ್ಟು ಹೊತ್ತಿಗೆ ಒಳಗೆ ಕೊಯ್ದಾಗಿತ್ತು.

ಜೀವಕ್ಕೆ ಅಪಾಯವಿಲ್ಲವೆಂದು ಡಾಕ್ಟರು ಬಂದು ಹೇಳಿದ ಮೇಲೆ ನಾನು ಅವಳನ್ನು ಎಬ್ಬಿಸಿದೆ. ವಾಪಸು ಕೊಡುವ ಅವಧಿಯ ಕೊನೆಯ ದಿನ ಅದು. ಅಂಗಡಿಯವರೆಗೂ ನಾನು ಬೈಯುತ್ತಲೇ ಹೋದೆ, ಅಂಗಡಿಯೊಳಗೂ ಬೈದೆ. ಕೆಟ್ಟ ಮಾಲು ಮಾರಿ ನಮ್ಮ ಮನೆ ಹಾಳು ಮಾಡಿದಿರಿ ಅಂದೆ. ಅಂಗಡಿಯವನು ಸಮಾಧಾನದ ಮನುಷ್ಯ, ಎದುರಾಡಲಿಲ್ಲ. ಯಂತ್ರ ತೆರೆದು “ಒಂದು, ಎರಡು, ಮೂರು” ಅಂದು ತಿರುಗಿಸಿ ಕೇಳಿಸಿದ. ಚೆನ್ನಾಗಿಯೇ ಬಂತು. ಆಮೇಲೆ ಕಸಿಮಾಲಿಯದನ್ನು ನೋಡಿದ. ಸ್ವಲ್ಪ ಹೊತ್ತಿಗೆ ಅವನೇ ನಿಲ್ಲಿಸಿದ.

“ಇವರ ಗಂಟಲು ಕಟ್ಟಿತ್ತಾ ಅಕ್ಕ?”

“ಕಟ್ಟಿತ್ತು. ಬರಬರ ಅಂತಿತ್ತು.”

“ಅದೇ ಆಗಿರೋದು. ಸುತ್ತಮುತ್ತಲಿನ ಸದ್ದನ್ನ ಇದು ತಾನಾಗೇ ಅಳಿಸಿಬಿಡತ್ತೆ. ಫ್ಯಾನು, ಗಾಳಿ, ನೀರು ಕುದಿಯೋದು, ಅಂಥದ್ದೆಲ್ಲ. ಇವರ ದನೀನೂ ಹಂಗೇ ಅಂದ್ಕೊಂಡಿದೆ. ಇಲ್ಲೊಂದು ಕಡೆ ಒತ್ತಿ ಈ ಅಳಿಸೋದನ್ನೇ ನಿಲ್ಲಿಸಬಹುದಿತ್ತು. ಮೊದಲೇ ಅವರ ಕೈಲಿ ಒಂದು ಮಾತಾಡಿಸಿ ನೋಡಿದ್ರೆ ಗೊತ್ತಾಗ್ತಿತ್ತು.”

“ಈಗ ಹೊರಗೆ ತೆಗಿಯೋಕಾಗಲ್ವಾ?” ಊಲ್ಕಾನ್ ಕೇಳಿದಳು.

“ಒಳಗೆ ಹೋಗೇ ಇಲ್ವಲ್ಲ ಅಕ್ಕ. ಯಂತ್ರದಲ್ಲಿ ದೋಷ ಇಲ್ಲ. ಅವರನ್ನೇ ಕರ್ಕೊಂಡ್ ಬನ್ನಿ, ಇನ್ನೊಂದ್ಸಲ ಮಾತಾಡ್ಲಿ. ನಾನೇ ಕೂತು ಹಿಡಿದುಕೊಡ್ತೀನಿ.”

ಮೇಜಿನ ಮೇಲಿಟ್ಟಿದ್ದ ರಸೀತಿಯನ್ನು ನಾನೇ ವಾಪಸು ತೆಗೆದುಕೊಂಡೆ. ಊಲ್ಕಾನ್ ಲ್ಯಾಪ್‌ಟಾಪನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. “ಇರ್ಲಿ ಬಿಡಿ,” ಅಂದಳು ಅವನಿಗೆ, “ಅವರು ಇನ್ನು ಬರೀಬೇಕಲ್ಲ, ಅದಕ್ಕಾಗತ್ತೆ.”

ಕೆಲವು ದಿನಕ್ಕೆ ಅವನು ಎದ್ದು ಕೂತ. ಕುತ್ತಿಗೆಯಲ್ಲಿ ತೂತು, ಅದರ ಮೇಲೊಂದು ಬಟ್ಟೆ. ಬಾಯಿ ತೆರೆದರೆ ಉಸಿರು ಅಲ್ಲಿಂದ ಹೋಗುತ್ತಿತ್ತು. ಲ್ಯಾಪ್‌ಟಾಪ್ ಬೇಕೆಂದು ಸನ್ನೆ ಮಾಡಿದ. ಊಲ್ಕಾನ್ ಅವನ ಕಾಲ ಮೇಲಿಟ್ಟಳು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

‘ನೋಡಿದೆಯಾ?’

ನಾನು ಅವಳ ಹಿಂದೆಯೇ ನಿಂತಿದ್ದೆ. ಅವಳು ಅವನ ಹೊದಿಕೆಯನ್ನು ಸರಿಮಾಡಿದಳು.

“ನೋಡ್ದೆ,” ಅಂದಳು.

‘ಕೇಳಿಸಿತಾ?’

“ಕೇಳಿಸ್ತು. ಚೆನ್ನಾಗಿ ಕೇಳಿಸ್ತು. ಎಲ್ಲಾ.”

ಅವನು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಆಮೇಲೆ ಒತ್ತಿದ.

‘ಕ್ಷಮಿಸಿದೆಯಾ?’

ಊಲ್ಕಾನ್ ತಿರುಗಿ ನನ್ನ ಮುಖ ನೋಡಿದಳು. ನನಗೇನು ಗೊತ್ತು. ಅವಳು ಮತ್ತೆ ಅವನ ಕಡೆ ತಿರುಗಿದಳು.

“ಯಾವತ್ತೋ ಕ್ಷಮಿಸ್ದೆ.”

ಅವನು ಅವಳ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡ. ನಾನೂ ಅಲ್ಲೇ ಇದ್ದೆ, ಪಕ್ಕದ ಹಾಸಿಗೆಯವರೂ ನೋಡುತ್ತಿದ್ದರು, ಅವನಿಗೆ ಯಾವ ಮರ್ಯಾದೆಯೂ ನೆನಪಿಗೆ ಬರಲಿಲ್ಲ. ಅವನು ಅಳುವಾಗ ಸದ್ದೇ ಬರಲಿಲ್ಲ, ಭುಜ ಮಾತ್ರ ಅಲುಗಿತು. ಆಮೇಲೆ ಮಗುವಿನ ಹಾಗೆ ನಿದ್ದೆಹೋದ. ಅಲ್ಲಿಂದ ಸಾಯುವವರೆಗೂ ಅವನು ನೆಮ್ಮದಿಯಲ್ಲೇ ಇದ್ದ, ಆ ಮಾತನ್ನು ಮತ್ತೆ ಎತ್ತಲಿಲ್ಲ, ಅವಳು ಕೇಳುವ ಹಾಗೂ ಇರಲಿಲ್ಲ.

ಆ ದಿನ ನಿದ್ದೆಯಲ್ಲಿ ಅವನ ಕೈ ಸಡಿಲವಾದ ಮೇಲೆ ಊಲ್ಕಾನ್ ಹೊರಗೆ ಬಂದಳು. ನಾನೂ ಹಿಂದೆಯೇ ಹೋದೆ.

“ಅಕ್ಕಾ,” ಅಂದಳು, “ಏನನ್ನ ಕ್ಷಮಿಸ್ದೆ ನಾನು?”