ಎಡವಟ್ಟಾದರಷ್ಟೇ ಹೇಳಿ
ಹಾಸ್ಟೆಲಿನಲ್ಲಿ ಅವಳನ್ನು ಎಲ್ಲರೂ ಎಂಐಎಸ್ ಅಕ್ಕ ಎಂದೇ ಕರೆಯುವುದು. ಬಿಸಿನೆಸ್ ಕೋರ್ಸಿನಲ್ಲಿ ಮ್ಯಾನೇಜ್‌ಮೆಂಟ್ ಇನ್ಫರ್ಮೇಶನ್ ಸಿಸ್ಟಮ್ಸ್ ಎಂಬ ಪಾಠ ಶುರುವಾದದ್ದೇ ತಡ, ಅಕ್ಕನಿಗೆ ಅದರ ಹುಚ್ಚು ಹಿಡಿಯಿತು. ಬಚ್ಚಲ ಮುಂದೆ ಬಕೆಟ್ ಸಾಲು ಬೆಳೆದರೆ ಸಾಕು, ಬಾಣ ಬಿಡಿಸಿದ ಚಾರ್ಟೊಂದನ್ನು ಗೋಡೆಗೆ ಅಂಟಿಸುತ್ತಾಳೆ. ರೂಮ್‌ಮೇಟ್ ಹಲ್ಲುನೋವೆಂದು ಅತ್ತರೆ, "ನೀನು ಅಳೋದು ಬರೀ ಡೇಟಾ ಕಣೇ. ಯಾವ ಹಲ್ಲು ಅಂತ ಹೇಳು, ಅದು ಇನ್ಫರ್ಮೇಶನ್" ಅನ್ನುತ್ತಾಳೆ, ಆಮೇಲೆ ತಾನೇ ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಅವಳ ಪ್ರಾಣವೆಲ್ಲ ಎಕ್ಸೆಪ್ಶನ್ ರಿಪೋರ್ಟಿನಲ್ಲಿ: ಎಲ್ಲ ಸರಿಯಿದ್ದರೆ ಮ್ಯಾನೇಜರಿಗೆ ಏನೂ ಹೇಳಬೇಡಿ, ಎಡವಟ್ಟಾದರಷ್ಟೇ ಹೇಳಿ. ಅಂಗಡಿಯ ಬಸುರಿ ಬೆಕ್ಕಿನಿಂದ ಹಿಡಿದು ಕಳೆದುಹೋದ ಅಂಗಿ ಗುಂಡಿಯವರೆಗೆ ಫೋನಿನಲ್ಲಿ ಕೊರೆಯುತ್ತಿದ್ದ ಟೈಲರ್ ಅಪ್ಪನಿಗೂ ಇದನ್ನೇ ಕಲಿಸಿದಳು. ಅಪ್ಪ ಒಳ್ಳೆಯ ಶಿಷ್ಯ. ಅಂದಿನಿಂದ ಫೋನ್ ಮಾಡಿ, "ಎಡವಟ್ಟು ಏನಿಲ್ಲ ಮಗಳೇ, ಇಡ್ಲಾ?" ಅನ್ನುತ್ತಾರೆ. "ನೋಡ್ರೇ, ಸಿಸ್ಟಮ್ ಅಂದ್ರೆ ಇದು" ಎಂದು ಅಕ್ಕ ಬೀಗಿದ್ದೇ ಬೀಗಿದ್ದು. ಆದರೆ ಈಚೆಗೆ ಮಾತು ಮುಗಿದ ಮೇಲೂ ಫೋನನ್ನು ಕೈಯಲ್ಲೇ ಹಿಡಿದು ಸುಮ್ಮನೆ ಕೂತಿರುತ್ತಾಳೆ. ನಿನ್ನೆ ಅಪ್ಪ "ಇಡ್ಲಾ?" ಎಂದಾಗ, "ಇಡಬೇಡಪ್ಪ, ಇಲ್ಲೊಂದು ಎಡವಟ್ಟಾಗಿದೆ" ಅಂದಳು. ಅತ್ತ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. "ಏನಾಯ್ತಮ್ಮಾ?" "ಬೆಕ್ಕು ಎಷ್ಟು ಮರಿ ಹಾಕ್ತು ಅಂತ ನಂಗೆ ಯಾರೂ ಹೇಳೇ ಇಲ್ಲ." ಅಪ್ಪ, "ಅಯ್ಯೋ, ಅದು ದೊಡ್ಡ ಕಥೆ ಕಣಮ್ಮಾ" ಅಂದರು. "ದೊಡ್ಡದೇ ಇರ್ಲಿ" ಎಂದು ಅಕ್ಕ ತನ್ನ ಚಾರ್ಟಿಗೇ ಬೆನ್ನು ಒರಗಿಸಿ, ಕಾಲು ಚಾಚಿ ಕೂತಳು.